ರಾಸಾಯನಿಕ ಸಮೀಕರಣ: ಎರಡೂ ಕಡೆ ತಾಳೆಯಾಗಬೇಕಾದ ಲೆಕ್ಕ

ಸಂಜೆ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಅಂಗಡಿ, ಕಚೇರಿ, ಛತ್ರ, ಕಾರ್ಖಾನೆಗಳಲ್ಲಿ ದಿನವೆಲ್ಲ ದುಡಿದು ಬರುವವರು. ಕೆಲವರಿಗೆ ಹತ್ತನೆಯ ತರಗತಿಯಲ್ಲಿ ಓದುವ ಮಕ್ಕಳಿದ್ದಾರೆ. ಇನ್ನು ಕೆಲವರು ಊರಿನಲ್ಲಿ ಅರ್ಧಕ್ಕೆ ನಿಂತ ಓದನ್ನು ಮುಕ್ತ ವಿದ್ಯಾಲಯದ ಮೂಲಕ ಮುಂದುವರಿಸಿ ಪರೀಕ್ಷೆಗೆ ಕೂಡುವ ಯೋಚನೆಯಲ್ಲಿದ್ದಾರೆ. ಇಬ್ಬರಿಗೂ ವಿಜ್ಞಾನದ ಪುಸ್ತಕ ತೆರೆದೊಡನೆ ಎದುರಾಗುವುದು ರಾಸಾಯನಿಕ ಸಮೀಕರಣ. ಎನ್.ಸಿ.ಇ.ಆರ್.ಟಿ.ಯವರ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೊದಲನೆಯ ಅಧ್ಯಾಯವೇ ಅದು. ಅಲ್ಲಿ ಎಡವಿದ ಹುಡುಗ ಮುಂದಿನ ಪಾಠಗಳಲ್ಲಿಯೂ ಎಡವುತ್ತಾನೆ. ಆದರೆ ಜಮಾ-ಖರ್ಚು ಬರೆದು ಅಭ್ಯಾಸವಿರುವವನಿಗೆ ಈ ವಿದ್ಯೆ ಕಷ್ಟದ್ದಲ್ಲ. ಪೆನ್ಸಿಲು, ಕಾಗದ ಹಿಡಿದು ಕುಳಿತರೆ ಎರಡು ಸಂಜೆಗಳಲ್ಲಿ ಕೈಗೆ ಬರುತ್ತದೆ. ಈ ಪಾಠವನ್ನು ಬರೆದಿರುವುದು ಅದಕ್ಕಾಗಿ.

ಕನ್ನಡದ ಹುಡುಗರು ಕಾಶಿಗೆ ಬಂದು ರಸಾಯನಶಾಸ್ತ್ರ ಕಲಿತದ್ದು ಹೊಸ ಮಾತೇನೂ ಅಲ್ಲ. 1916ರಲ್ಲಿ ಸ್ಥಾಪನೆಯಾದ ಇಲ್ಲಿನ ಹಿಂದೂ ವಿಶ್ವವಿದ್ಯಾಲಯಕ್ಕೆ ಮೊದಲನೆಯ ಕುಲಾಧಿಪತಿಗಳಾಗಿದ್ದವರು ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಬೆಂಗಳೂರಿನಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದು, ಇಲ್ಲಿಗೆ ಬಂದು, 1953ರಲ್ಲಿ ಎಂ.ಎಸ್ಸಿ. ಮುಗಿಸಿದರು. 2014ರಲ್ಲಿ ಅವರಿಗೆ ಭಾರತರತ್ನ ಸಂದಿತು. ಅಂಥ ದೊಡ್ಡ ವಿದ್ಯೆಗೂ ತಳಪಾಯ ನಾವೀಗ ಕಲಿಯಲಿರುವ ಈ ಸಣ್ಣ ಲೆಕ್ಕವೇ.

ಲೆಕ್ಕದ ನಿಯಮ

ಸೌದೆ ಉರಿದು ಬೂದಿಯಾದರೆ ತೂಕ ಕಡಿಮೆಯಾಗುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿದರೆ ತೂಕ ಹೆಚ್ಚುತ್ತದೆ. ಹಾಗಾದರೆ ಸೌದೆಯ ತೂಕ ಎಲ್ಲಿಗೆ ಹೋಯಿತು? ತುಕ್ಕಿನ ತೂಕ ಎಲ್ಲಿಂದ ಬಂತು? ತಕ್ಕಡಿ ಹಿಡಿದು ಈ ಬಗೆಯ ಪ್ರಶ್ನೆಗಳಿಗೆ ಉತ್ತರ ಹುಡುಕಿದವರಲ್ಲಿ ಮುಖ್ಯನಾದವನು ಫ್ರಾನ್ಸ್ ದೇಶದ ಲವಾಸಿಯೆ. ಆತ ಹುಟ್ಟಿದ್ದು 1743ರಲ್ಲಿ. ಜೀವನೋಪಾಯಕ್ಕೆ ಆತ ಅರಸನ ಪರವಾಗಿ ತೆರಿಗೆ ವಸೂಲು ಮಾಡುವ ಕಂಪೆನಿಯೊಂದರ ಪಾಲುದಾರ. ಪೈಸೆ ಪೈಸೆಗೂ ಲೆಕ್ಕ ಕೇಳುವ ಆ ಬುದ್ಧಿಯನ್ನು ಆತ ಪ್ರಯೋಗಶಾಲೆಗೂ ತಂದನು. 1774ರಲ್ಲಿ ಗಾಜಿನ ಪಾತ್ರೆಯಲ್ಲಿ ತವರವನ್ನಿಟ್ಟು, ಬಾಯಿಯನ್ನು ಭದ್ರವಾಗಿ ಮುಚ್ಚಿ ಕಾಯಿಸಿದನು. ತವರ ಬೂದಿಬಣ್ಣದ ಪುಡಿಯಾಯಿತು. ಆದರೂ ಪಾತ್ರೆಯ ಒಟ್ಟು ತೂಕ ಬದಲಾಗಲಿಲ್ಲ. ಬಾಯಿ ತೆರೆದಾಗ ಹೊರಗಿನ ಗಾಳಿ ಒಳಕ್ಕೆ ನುಗ್ಗಿತು. ತೂಕ ಹೆಚ್ಚಿದ್ದು ಆಮೇಲೆ. ಒಳಗಿನ ಗಾಳಿಯ ಒಂದು ಭಾಗ ತವರದೊಡನೆ ಕೂಡಿಕೊಂಡಿದೆ ಎಂಬುದು ಇದರಿಂದ ಗೊತ್ತಾಯಿತು. 1789ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಆತ ನಿಯಮವನ್ನು ಸ್ಪಷ್ಟವಾಗಿ ಹೇಳಿದನು. ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತುವೂ ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ನಾಶವಾಗುವುದೂ ಇಲ್ಲ. ರೂಪ ಮಾತ್ರ ಬದಲಾಗುತ್ತದೆ. ಐದು ವರ್ಷಗಳ ತರುವಾಯ, 1794ರಲ್ಲಿ, ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, ತೆರಿಗೆಯ ಕಂಪೆನಿಗೆ ಸೇರಿದವನೆಂಬ ಕಾರಣದಿಂದ ಆತನಿಗೆ ಮರಣದಂಡನೆಯಾಯಿತು.

ಸಮೀಕರಣವೆಂದರೆ ಈ ನಿಯಮದ ಬರವಣಿಗೆ. ಎಡಗಡೆಯಲ್ಲಿ ಕ್ರಿಯೆಗೆ ಮೊದಲು ಇದ್ದ ವಸ್ತುಗಳು, ಬಲಗಡೆಯಲ್ಲಿ ಕ್ರಿಯೆಯ ನಂತರ ಸಿಕ್ಕ ವಸ್ತುಗಳು, ನಡುವೆ ಒಂದು ಬಾಣ. ಒಂದೊಂದು ಮೂಲವಸ್ತುವಿನ ಪರಮಾಣುಗಳೂ ಎಡಗಡೆ ಎಷ್ಟಿವೆಯೋ ಬಲಗಡೆಯೂ ಅಷ್ಟೇ ಇರಬೇಕು. ಇದ್ದರೆ ಲೆಕ್ಕ ತಾಳೆಯಾಯಿತು. ಇಲ್ಲದಿದ್ದರೆ ಸರಿದೂಗಿಸಬೇಕು.

ಎರಡು ಭಾಷೆಗಳ ನಡುವೆ ಒಂದು ಎಚ್ಚರಿಕೆ

ಇಲ್ಲಿ ಹಿಂದೀ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಮನೆಯಲ್ಲಿ ಕನ್ನಡದಲ್ಲಿ ಪಾಠ ಹೇಳಲು ಹೆದರಬೇಕಾಗಿಲ್ಲ. ಅಣು, ಪರಮಾಣು, ರಾಸಾಯನಿಕ ಸಮೀಕರಣ ಎಂಬ ಮಾತುಗಳು ಎರಡು ಭಾಷೆಗಳಲ್ಲಿಯೂ ಒಂದೇ. ಕನ್ನಡದ ಪುಸ್ತಕಗಳಲ್ಲಿ ‘ಪ್ರತಿವರ್ತಕ’ ಎಂದಿರುವುದು ಹಿಂದಿಯಲ್ಲಿ ‘ಅಭಿಕಾರಕ’. ನಮ್ಮ ‘ಉತ್ಪನ್ನ’ ಅಲ್ಲಿ ‘ಉತ್ಪಾದ’. ನಮ್ಮ ‘ಸಂಯುಕ್ತ’ ಅಲ್ಲಿ ‘ಯೌಗಿಕ’. ಒಂದು ಮಾತಿನಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಕನ್ನಡದಲ್ಲಿ ‘ಧಾತು’ ಎಂದರೆ ಮೂಲವಸ್ತು. ಹಿಂದಿಯಲ್ಲಿ ‘ಧಾತು’ ಎಂದರೆ ಲೋಹ. ಹಿಂದಿಯವರು ಮೂಲವಸ್ತುವನ್ನು ‘ತತ್ವ’ ಎನ್ನುತ್ತಾರೆ. ಆದ್ದರಿಂದ “ಆಮ್ಲಜನಕ ಒಂದು ಧಾತು” ಎಂದು ತಂದೆ ಹೇಳಿಕೊಟ್ಟರೆ ಕನ್ನಡದಲ್ಲಿ ಅದು ಸರಿ. ಮಗ ಅದನ್ನೇ ಹಿಂದಿಯಲ್ಲಿ ಬರೆದರೆ ಅಂಕ ಹೋಗುತ್ತದೆ. ಈ ಪಾಠದಲ್ಲಿ ಗೊಂದಲವಾಗದಂತೆ ‘ಮೂಲವಸ್ತು’ ಎಂದೇ ಬರೆದಿದ್ದೇವೆ.

ಗುರುತುಗಳು

ಮೂಲವಸ್ತುಗಳಿಗೆ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳ ಗುರುತುಗಳಿವೆ. ಅವನ್ನು ಬಾಯಲ್ಲಿ ಹೇಳುವಂತೆಯೇ ನಾವು ಕನ್ನಡದಲ್ಲಿ ಬರೆಯುತ್ತೇವೆ; ಪರೀಕ್ಷೆಯಲ್ಲಿ ಪುಸ್ತಕದ ಅಕ್ಷರಗಳನ್ನೇ ಬರೆಯಬೇಕು. ಜಲಜನಕ (ಹೈಡ್ರೋಜನ್) ‘ಎಚ್’. ಆಮ್ಲಜನಕ (ಆಕ್ಸಿಜನ್) ‘ಓ’. ಇಂಗಾಲ (ಕಾರ್ಬನ್) ‘ಸಿ’. ಸುಣ್ಣದಲ್ಲಿರುವ ಕ್ಯಾಲ್ಸಿಯಂ ‘ಸಿಎ’. ಕಬ್ಬಿಣ ‘ಎಫ್‌ಇ’. ಕೊನೆಯ ಎರಡರಲ್ಲಿ ಎರಡೆರಡು ಅಕ್ಷರ ಸೇರಿ ಒಂದೇ ಮೂಲವಸ್ತು ಎಂಬುದನ್ನು ಮರೆಯಬಾರದು. ಅಂಥ ಗುರುತುಗಳ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದೇವೆ.

ಗುರುತಿನ ಬಲಗಡೆ ಕೆಳಗೆ ಬರೆಯುವ ಚಿಕ್ಕ ಅಂಕಿ ಒಂದು ಅಣುವಿನಲ್ಲಿ ಆ ಪರಮಾಣು ಎಷ್ಟು ಇವೆಯೆಂದು ಹೇಳುತ್ತದೆ. ಎಚ್₂ಓ ಎಂದರೆ ನೀರಿನ ಒಂದು ಅಣು: ಎರಡು ಜಲಜನಕ, ಒಂದು ಆಮ್ಲಜನಕ. ಎಡಗಡೆ ಮೊದಲಲ್ಲಿ ಬರೆಯುವ ದೊಡ್ಡ ಅಂಕಿ ಅಂಥ ಅಣುಗಳು ಎಷ್ಟು ಎಂದು ಹೇಳುತ್ತದೆ. 3ಎಚ್₂ಓ ಎಂದರೆ ನೀರಿನ ಮೂರು ಅಣುಗಳು. ಅವುಗಳಲ್ಲಿ ಒಟ್ಟು ಆರು ಜಲಜನಕ, ಮೂರು ಆಮ್ಲಜನಕ. ಗಾಳಿಯಲ್ಲಿ ಆಮ್ಲಜನಕ ಒಂಟಿಯಾಗಿರದೆ ಜೋಡಿಯಾಗಿರುತ್ತದೆ. ಆದ್ದರಿಂದ ಅದನ್ನು ಓ₂ ಎಂದೂ, ಜಲಜನಕದ ಅನಿಲವನ್ನು ಎಚ್₂ ಎಂದೂ ಬರೆಯುತ್ತಾರೆ.

ಮುಟ್ಟಬಹುದಾದ ಅಂಕಿ, ಮುಟ್ಟಬಾರದ ಅಂಕಿ

ಜಲಜನಕ ಉರಿದರೆ ನೀರು ಬರುತ್ತದೆ. ಜಲಜನಕವೆಂಬ ಹೆಸರಿಗೆ ನೀರನ್ನು ಹುಟ್ಟಿಸುವುದೆಂದೇ ಅರ್ಥ. ಇದನ್ನು ಮೊದಲು ಹೀಗೆ ಬರೆಯೋಣ:

ಎಚ್₂ + ಓ₂ → ಎಚ್₂ಓ

ಜಲಜನಕ ಎರಡು ಕಡೆಯೂ ಎರಡು, ಸರಿ. ಆಮ್ಲಜನಕ ಎಡಗಡೆ ಎರಡು, ಬಲಗಡೆ ಒಂದು, ತಾಳೆಯಾಗಲಿಲ್ಲ. ಇಲ್ಲಿ ವಿದ್ಯಾರ್ಥಿಗಳ ಕೈ ತಾನಾಗಿ ಬಲಗಡೆಗೆ ಹೋಗಿ ‘ಓ’ ಎಂಬುದರ ಕೆಳಗೆ ಒಂದು ಚಿಕ್ಕ 2 ಬರೆದುಬಿಡುತ್ತದೆ: ಎಚ್₂ಓ₂. ಎಣಿಸಿ ನೋಡಿದರೆ ಅಂಕಿಗಳೆಲ್ಲ ಸರಿಯಾಗಿವೆ. ಆದರೆ ಬಲಗಡೆ ಈಗ ನೀರಿಲ್ಲ. ಎಚ್₂ಓ₂ ಎಂಬುದು ಹೈಡ್ರೋಜನ್ ಪೆರಾಕ್ಸೈಡ್. ಔಷಧದ ಅಂಗಡಿಯಲ್ಲಿ ಬಹಳ ನೀರು ಬೆರೆಸಿ ಮಾರುವುದು, ಬಟ್ಟೆಯ ಬಣ್ಣ ತೆಗೆಯಲು ಬಳಸುವುದು. ಕುಡಿಯುವಂಥದಲ್ಲ.

ನಮ್ಮ ಓದುಗರಿಗೆ ಇದನ್ನು ರೋಕಡಿಯ ಮಾತಿನಲ್ಲಿ ಹೇಳಬಹುದು. ಚಿಕ್ಕ ಅಂಕಿ ನೋಟಿನ ಮೇಲೆ ಅಚ್ಚಾದ ಬೆಲೆಯಂತೆ. ದೊಡ್ಡ ಅಂಕಿ ಎಷ್ಟು ನೋಟುಗಳೆಂಬ ಎಣಿಕೆಯಂತೆ. ದಿನದ ಕೊನೆಯಲ್ಲಿ ಲೆಕ್ಕ ತಾಳೆಯಾಗಲಿಲ್ಲವೆಂದು ಐವತ್ತರ ನೋಟಿನ ಮೇಲೆ ಇನ್ನೊಂದು ಸೊನ್ನೆ ಬರೆಯಲಾದೀತೆ? ನೋಟುಗಳ ಸಂಖ್ಯೆಯನ್ನು ನೋಡಬೇಕಷ್ಟೆ. ಹಾಗೆಯೇ ಸಮೀಕರಣದಲ್ಲಿ ದೊಡ್ಡ ಅಂಕಿಯನ್ನು ಬದಲಾಯಿಸಬಹುದು. ಚಿಕ್ಕ ಅಂಕಿಯನ್ನು ಎಂದಿಗೂ ಮುಟ್ಟಬಾರದು. ಚಿಕ್ಕ ಅಂಕಿ ಬದಲಾದರೆ ವಸ್ತುವೇ ಬೇರೆಯಾಗುತ್ತದೆ.

ಸರಿಯಾದ ದಾರಿ ಇದು. ಆಮ್ಲಜನಕ ಬಲಗಡೆಯೂ ಎರಡಾಗಬೇಕಾದರೆ ನೀರಿನ ಎರಡು ಅಣು ಬೇಕು. ಆಗ ಬಲಗಡೆ ಜಲಜನಕ ನಾಲ್ಕಾಗುತ್ತದೆ. ಎಡಗಡೆಯೂ ನಾಲ್ಕಾಗಲು ಜಲಜನಕದ ಎರಡು ಅಣು ಬೇಕು:

2ಎಚ್₂ + ಓ₂ → 2ಎಚ್₂ಓ

ಅಡಿಗೆಯ ಅನಿಲ: ಕ್ರಮವಾಗಿ ಮಾಡುವ ರೀತಿ

ಮನೆಯ ಸಿಲಿಂಡರಿನಲ್ಲಿರುವ ಅನಿಲದಲ್ಲಿ ಮುಖ್ಯವಾದವು ಪ್ರೋಪೇನ್ ಮತ್ತು ಬ್ಯೂಟೇನ್. ಪ್ರೋಪೇನ್ ಎಂದರೆ ಸಿ₃ಎಚ್₈. ಅದು ಚೆನ್ನಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ (ಸಿಓ₂) ಮತ್ತು ನೀರಿನ ಆವಿ ಬರುತ್ತವೆ:

ಸಿ₃ಎಚ್₈ + ಓ₂ → ಸಿಓ₂ + ಎಚ್₂ಓ

ಇಂಥಲ್ಲಿ ಯಾವುದನ್ನು ಮೊದಲು ಹಿಡಿಯಬೇಕು? ಒಂಟಿಯಾಗಿ ನಿಂತಿರುವ ವಸ್ತುವನ್ನು ಕೊನೆಗೆ ಬಿಡಬೇಕು. ಇಲ್ಲಿ ಓ₂ ಒಂಟಿ; ಅದರ ಅಂಕಿಯನ್ನು ಬದಲಿಸಿದರೆ ಬೇರೆ ಯಾವ ಮೂಲವಸ್ತುವಿನ ಲೆಕ್ಕವೂ ಕೆಡುವುದಿಲ್ಲ.

ಮೊದಲು ಇಂಗಾಲ: ಎಡಗಡೆ ಮೂರು. ಆದ್ದರಿಂದ ಬಲಗಡೆ 3ಸಿಓ₂.
ಎರಡನೆಯದು ಜಲಜನಕ: ಎಡಗಡೆ ಎಂಟು. ನೀರಿನ ಅಣುವೊಂದರಲ್ಲಿ ಎರಡು. ಆದ್ದರಿಂದ 4ಎಚ್₂ಓ.
ಕೊನೆಯದು ಆಮ್ಲಜನಕ: ಬಲಗಡೆ 3ಸಿಓ₂ ಎಂಬುದರಲ್ಲಿ ಆರು, 4ಎಚ್₂ಓ ಎಂಬುದರಲ್ಲಿ ನಾಲ್ಕು, ಒಟ್ಟು ಹತ್ತು. ಎಡಗಡೆ ಜೋಡಿಯಾಗಿರುವುದರಿಂದ ಐದು ಅಣು ಸಾಕು.

ಸಿ₃ಎಚ್₈ + 5ಓ₂ → 3ಸಿಓ₂ + 4ಎಚ್₂ಓ

ಬ್ಯೂಟೇನ್ (ಸಿ₄ಎಚ್₁₀) ಸ್ವಲ್ಪ ತೊಡಕು ಕೊಡುತ್ತದೆ. ಇದೇ ಕ್ರಮದಲ್ಲಿ ಹೋದರೆ ಬಲಗಡೆ 4ಸಿಓ₂ ಮತ್ತು 5ಎಚ್₂ಓ ಬಂದು ಆಮ್ಲಜನಕ ಹದಿಮೂರಾಗುತ್ತದೆ. ಜೋಡಿಗಳಲ್ಲಿ ಹದಿಮೂರು ಬರಬೇಕಾದರೆ ಆರೂವರೆ ಅಣು ಬೇಕು. ಅರ್ಧ ಅಣುವನ್ನು ಉತ್ತರದಲ್ಲಿ ಉಳಿಸುವ ವಾಡಿಕೆ ಶಾಲೆಯಲ್ಲಿಲ್ಲ. ಆದ್ದರಿಂದ ಎಲ್ಲ ಅಂಕಿಗಳನ್ನೂ ಎರಡರಿಂದ ಗುಣಿಸುವುದು:

2ಸಿ₄ಎಚ್₁₀ + 13ಓ₂ → 8ಸಿಓ₂ + 10ಎಚ್₂ಓ

ಕೊನೆಯಲ್ಲಿ ಮತ್ತೊಮ್ಮೆ ಎಣಿಸಬೇಕು: ಇಂಗಾಲ 8 ಮತ್ತು 8, ಜಲಜನಕ 20 ಮತ್ತು 20, ಆಮ್ಲಜನಕ 26 ಮತ್ತು 26. ಈ ಮರುಎಣಿಕೆಗೆ ಅರ್ಧ ನಿಮಿಷ ಸಾಕು. ಪರೀಕ್ಷೆಯ ಗಡಿಬಿಡಿಯಲ್ಲಿ ಇದನ್ನು ಬಿಡುವುದರಿಂದಲೇ ಅಂಕಗಳು ಹೋಗುತ್ತವೆ.

ವೀಳ್ಯದ ಸುಣ್ಣ

ಎಲ್ಲ ಸಮೀಕರಣಗಳಿಗೂ ಅಂಕಿ ಸೇರಿಸಬೇಕಾಗಿಲ್ಲ. ಬನಾರಸಿನ ಪಾನಿಗೆ ಹಚ್ಚುವ ಸುಣ್ಣವನ್ನೇ ನೋಡಿ. ಸುಣ್ಣಕಲ್ಲನ್ನು (ಸಿಎ ಸಿಓ₃) ಗೂಡಿನಲ್ಲಿ ಸುಟ್ಟರೆ ಸುಟ್ಟ ಸುಣ್ಣ ಉಳಿಯುತ್ತದೆ, ಅನಿಲ ಹಾರಿಹೋಗುತ್ತದೆ. ಅದಕ್ಕೆ ನೀರು ಹೊಯ್ದರೆ ಕುದಿದು ಅರಳಿ ನೀರುಸುಣ್ಣವಾಗುತ್ತದೆ. ಅದು ಗಾಳಿಗೆ ತೆರೆದಿದ್ದರೆ ಗಾಳಿಯಲ್ಲಿರುವ ಸಿಓ₂ ಎಂಬುದನ್ನು ಹೀರಿ ಮತ್ತೆ ಸುಣ್ಣಕಲ್ಲಿನ ವಸ್ತುವೇ ಆಗುತ್ತದೆ. ಪಾನಿನ ಅಂಗಡಿಯ ಸುಣ್ಣದ ತಿಳಿನೀರಿನ ಮೇಲೆ ಕಟ್ಟುವ ತೆಳುವಾದ ಕೆನೆ, ಬಳಿದ ಗೋಡೆಯಲ್ಲಿ ಸುಣ್ಣ ಗಟ್ಟಿಯಾಗುವುದು, ಎರಡೂ ಇದೇ.

ಸಿಎ ಸಿಓ₃ → ಸಿಎ ಓ + ಸಿಓ₂
ಸಿಎ ಓ + ಎಚ್₂ಓ → ಸಿಎ (ಓಎಚ್)₂
ಸಿಎ (ಓಎಚ್)₂ + ಸಿಓ₂ → ಸಿಎ ಸಿಓ₃ + ಎಚ್₂ಓ

ಆವರಣದ ಹೊರಗಿನ ಚಿಕ್ಕ 2 ಒಳಗಿನ ಎರಡಕ್ಕೂ ಸಲ್ಲುತ್ತದೆ: ಎರಡು ಆಮ್ಲಜನಕ, ಎರಡು ಜಲಜನಕ. ಎಣಿಸಿ ನೋಡಿದರೆ ಮೂರು ಸಮೀಕರಣಗಳೂ ಮೊದಲೇ ಸರಿಯಾಗಿವೆ. ಆದ್ದರಿಂದ ಅಂಕಿ ಹಾಕುವ ಮೊದಲು ಎಣಿಸುವುದು ಒಳ್ಳೆಯದು.

ತೂಕವೂ ತಾಳೆಯಾಗುತ್ತದೆ. ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕ 16 ಎಂದು ಪರಮಾಣುಗಳ ತೂಕ ಹಿಡಿದರೆ, ಸುಣ್ಣಕಲ್ಲು 100, ಸುಟ್ಟ ಸುಣ್ಣ 56, ಅನಿಲ 44. ಎಂದರೆ 100 ಕಿಲೋ ಶುದ್ಧವಾದ ಸುಣ್ಣಕಲ್ಲನ್ನು ಸುಟ್ಟರೆ ಗೂಡಿನಲ್ಲಿ ಉಳಿಯುವುದು 56 ಕಿಲೋ ಮಾತ್ರ. ಉಳಿದ 44 ಕಿಲೋ ಯಾರೂ ಕದ್ದದ್ದಲ್ಲ, ಗಾಳಿಗೆ ಸೇರಿದ್ದು.

ಅಂಗೀಠಿಯ ಲೆಕ್ಕ

ಇನ್ನು ಮುಂದಿನದು ಪರೀಕ್ಷೆಗೆ ಕೂಡದವರೂ ಓದಬೇಕಾದ ಭಾಗ. ಡಿಸೆಂಬರು ಜನವರಿಯಲ್ಲಿ ಇಲ್ಲಿನ ಚಳಿ ನಮ್ಮ ಕಡೆಯ ಚಳಿಯಂತಲ್ಲ. ಬೆಳಗಿನ ಮಂಜು ಹೊತ್ತೇರಿದರೂ ಕರಗದ ದಿನಗಳಿವೆ. ಸಣ್ಣ ಕೋಣೆಯಲ್ಲಿ ನಾಲ್ಕೈದು ಜನ ಮಲಗುವ ನಮ್ಮವರು ಇದ್ದಲು ಹಾಕಿದ ಅಂಗೀಠಿಯನ್ನೋ ಮಣ್ಣಿನ ಬೋರಸಿಯನ್ನೋ ಒಳಗಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಅಂಗೀಠಿಯೂ ನಮ್ಮ ಅಗ್ಗಿಷ್ಟಿಕೆಯೂ ಒಂದೇ ಮೂಲದ ಮಾತುಗಳು, ಅಪಾಯವೂ ಒಂದೇ.

ಇದ್ದಲಿನಲ್ಲಿ ಬಹುಪಾಲು ಇಂಗಾಲ. ಬೇಕಾದಷ್ಟು ಗಾಳಿ ಸಿಕ್ಕರೆ ಅದು ಹೀಗೆ ಉರಿಯುತ್ತದೆ:

ಸಿ + ಓ₂ → ಸಿಓ₂

ಗಾಳಿ ಸಾಲದಾದರೆ ಲೆಕ್ಕ ಇನ್ನೊಂದು ರೀತಿಯಲ್ಲಿ ಮುಗಿಯುತ್ತದೆ:

2ಸಿ + ಓ₂ → 2ಸಿಓ

ಎರಡೂ ಸರಿದೂಗಿದ ಸಮೀಕರಣಗಳೇ. ವ್ಯತ್ಯಾಸ ಒಂದು ಚಿಕ್ಕ ಅಂಕಿ. ಸಿಓ₂ ನಾವು ಪ್ರತಿ ಉಸಿರಿನಲ್ಲಿಯೂ ಹೊರಗೆ ಬಿಡುವ ಅನಿಲ. ಸಿಓ ಎಂಬುದು ಇಂಗಾಲದ ಮಾನಾಕ್ಸೈಡ್, ಘೋರವಾದ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ವಸ್ತುವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಮಂಪರು ಬರುತ್ತವೆ. ನಿದ್ದೆಯಲ್ಲಿರುವವನಿಗೆ ಇವು ಯಾವುವೂ ತಿಳಿಯದೆ ಪ್ರಾಣ ಹೋಗಬಹುದು.

ಒಂದು ಕಿಲೋ ಇಂಗಾಲ ಪೂರ್ತಿಯಾಗಿ ಉರಿಯಲು ಎಷ್ಟು ಗಾಳಿ ಬೇಕು? ಮೊದಲನೆಯ ಸಮೀಕರಣವೇ ಹೇಳುತ್ತದೆ. 12 ಪಾಲು ಇಂಗಾಲಕ್ಕೆ 32 ಪಾಲು ಆಮ್ಲಜನಕ. ಒಂದು ಕಿಲೋಗೆ ಸುಮಾರು 2.67 ಕಿಲೋ. ಗಾಳಿಯ ತೂಕದಲ್ಲಿ ನೂರಕ್ಕೆ ಸುಮಾರು 23 ಪಾಲು ಮಾತ್ರ ಆಮ್ಲಜನಕ. ಆದ್ದರಿಂದ ಸುಮಾರು ಹನ್ನೊಂದೂವರೆ ಕಿಲೋ ಗಾಳಿ ಬೇಕು. ಒಂದು ಘನ ಮೀಟರು ಗಾಳಿ ಸುಮಾರು 1.2 ಕಿಲೋ ತೂಗುವುದರಿಂದ ಇದು ಒಂಬತ್ತೂವರೆ ಘನ ಮೀಟರು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು 28 ಘನ ಮೀಟರು. ಎಂದರೆ ಒಂದೇ ಕಿಲೋ ಇಂಗಾಲ ಮುಚ್ಚಿದ ಕೋಣೆಯ ಆಮ್ಲಜನಕದಲ್ಲಿ ಮೂರನೆಯ ಒಂದು ಪಾಲನ್ನು ಕೇಳುತ್ತದೆ. ಅದೇ ಗಾಳಿಯನ್ನು ಮಲಗಿದವರೂ ಉಸಿರಾಡಬೇಕು.

ಆಮ್ಲಜನಕ ಕಡಿಮೆಯಾಗುವವರೆಗೂ ಭಯವಿಲ್ಲವೆಂದು ತಿಳಿಯಬಾರದು. ರಾಶಿಯ ತಳದಲ್ಲಿ ಹುಟ್ಟಿದ ಸಿಓ₂ ಮೇಲಿನ ಕೆಂಡಗಳ ನಡುವೆ ಹಾದುಬರುವಾಗ ಇನ್ನಷ್ಟು ಇಂಗಾಲವನ್ನು ಹಿಡಿದುಕೊಳ್ಳುತ್ತದೆ:

ಸಿಓ₂ + ಸಿ → 2ಸಿಓ

ಆದ್ದರಿಂದ ಹೊಗೆಯಡಗಿ ಕೆಂಪಗೆ ಹೊಳೆಯುವ ಕೆಂಡದಿಂದಲೂ ವಿಷ ಬರುತ್ತಲೇ ಇರುತ್ತದೆ. “ಹೊಗೆ ನಿಂತಿತು, ಇನ್ನು ಒಳಗಿಡಬಹುದು” ಎಂಬ ಮಾತು ತಪ್ಪು. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೆ ಸಾಕೆಂಬ ನಂಬಿಕೆಯೂ ತಪ್ಪು. ನೀರು ಈ ಅನಿಲವನ್ನು ಹೀರಿ ತೆಗೆಯಲಾರದು. ಬೆಂಕಿಯನ್ನು ಹೊರಗೆ, ತೆರೆದ ಜಾಗದಲ್ಲಿ ಕಾಯಿಸಿಕೊಳ್ಳಿ. ಮಲಗುವ ಕೋಣೆಯೊಳಗೆ ಇದ್ದಲು ಬೇಡ. ಬೆಂಕಿಯಿರುವ ಕೋಣೆಯಲ್ಲಿ ಯಾರಿಗಾದರೂ ತಲೆನೋವೋ ಮಂಪರೋ ಬಂದರೆ ಬಾಗಿಲು ತೆರೆದು, ಅವರನ್ನು ಹೊರಗಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಭ್ಯಾಸ

ಕೆಳಗಿನ ಆರನ್ನು ಸರಿದೂಗಿಸಿ. ಉತ್ತರ ನೋಡುವ ಮೊದಲು ನೀವೇ ಮಾಡಿ. ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

1. ಎಚ್₂ + ಸಿಎಲ್₂ → ಎಚ್ ಸಿಎಲ್ (‘ಸಿಎಲ್’ ಎಂದರೆ ಕ್ಲೋರಿನ್.)
2. ಎಫ್‌ಇ + ಓ₂ → ಎಫ್‌ಇ₂ ಓ₃ (ತುಕ್ಕಿನಲ್ಲಿ ನೀರಿನ ಅಂಶವೂ ಇರುತ್ತದೆ, ಸುಲಭಕ್ಕಾಗಿ ಅದನ್ನು ಬಿಟ್ಟಿದ್ದೇವೆ.)
3. ಸಿಎಚ್₄ + ಓ₂ → ಸಿಓ₂ + ಎಚ್₂ಓ (ಗಂಗೆಯ ಮೇಲೆ ಸಿ.ಎನ್.ಜಿ.ಯಿಂದ ಓಡುವ ದೋಣಿಗಳಲ್ಲಿ ಉರಿಯುವುದು ಮುಖ್ಯವಾಗಿ ಈ ಮೀಥೇನ್.)
4. ಎಫ್‌ಇ + ಎಚ್₂ಓ → ಎಫ್‌ಇ₃ ಓ₄ + ಎಚ್₂ (ಕಾದ ಕಬ್ಬಿಣದ ಮೇಲೆ ನೀರಿನ ಆವಿ.)
5. ಎನ್‌ಎ ಎಚ್‌ಸಿಓ₃ → ಎನ್‌ಎ₂ ಸಿಓ₃ + ಎಚ್₂ಓ + ಸಿಓ₂ (ಅಡಿಗೆ ಸೋಡವನ್ನು ಕಾಯಿಸಿದಾಗ, ‘ಎನ್‌ಎ’ ಎಂದರೆ ಸೋಡಿಯಂ.)
6. ಸಿಓ₂ + ಎಚ್₂ಓ → ಸಿ₆ಎಚ್₁₂ಓ₆ + ಓ₂ (ಹಸಿರೆಲೆ ಬಿಸಿಲಿನಲ್ಲಿ ಸಕ್ಕರೆ ಮಾಡುವ ಕ್ರಿಯೆ.)

ಉತ್ತರಗಳು (ದೊಡ್ಡ ಅಂಕಿಗಳು ಎಡದಿಂದ ಬಲಕ್ಕೆ): ಮೊದಲನೆಯದು 1, 1, 2. ಎರಡನೆಯದು 4, 3, 2. ಮೂರನೆಯದು 1, 2, 1, 2. ನಾಲ್ಕನೆಯದು 3, 4, 1, 4. ಐದನೆಯದು 2, 1, 1, 1. ಆರನೆಯದು 6, 6, 1, 6. ಒಂದು ಎಂಬ ಅಂಕಿಯನ್ನು ಸಮೀಕರಣದಲ್ಲಿ ಬರೆಯುವ ವಾಡಿಕೆಯಿಲ್ಲ.

ಉತ್ತರ ಹೊಂದದಿದ್ದರೆ ಹಾಳೆಯನ್ನು ಹರಿಯಬೇಡಿ. ಯಾವ ಮೂಲವಸ್ತುವಿನ ಎಣಿಕೆಯಲ್ಲಿ ಲೆಕ್ಕ ತಪ್ಪಿತೆಂದು ಎಡಗಡೆಯಿಂದ ಮತ್ತೆ ಎಣಿಸಿಕೊಂಡು ಬನ್ನಿ. ಹಾಳೆಯನ್ನು ವಾಚನಾಲಯಕ್ಕೆ ತಂದರೆ ಕೂಡಿ ನೋಡೋಣ.